ಬಿಚ್ಚಿದ ಕೈಯ ಮೊದಲ ಸುತ್ತು

ಸ್ಟೀರಿಂಗ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಮಕ್ಬೂಲ್ ಎರಡೂ ಕೈ ಹಾಕಿ ಇನ್ನೊಮ್ಮೆ ಜಗ್ಗಿ ನೋಡಿ, ಕೆಳಗಿಳಿದು, ಕಬಿನಿ ಹಿನ್ನೀರಿನ ದಡಕ್ಕೆ ಎಳೆದು ನಿಲ್ಲಿಸಿದ್ದ ಆ ಪುಟ್ಟ ದೋಣಿಗೆ ಒಂದು ಪ್ರದಕ್ಷಿಣೆ ಹಾಕಿದ. ಹುಣಸೂರಿನಲ್ಲಿ ಮೂವತ್ತೈದು ವರ್ಷದಿಂದ ಟ್ರ್ಯಾಕ್ಟರುಗಳ ಸ್ಟೀರಿಂಗ್ ಬಿಚ್ಚಿ ಕಟ್ಟುತ್ತಿದ್ದವನು. ಗಾಲಿಯೇ ಇಲ್ಲದ ಗಾಡಿಯನ್ನು ಮುಟ್ಟಿದ್ದು ಇದೇ ಮೊದಲು. ಅದನ್ನು ಹೇಳಿಕೊಳ್ಳುವ ಅಗತ್ಯ ಅವನಿಗೆ ಕಾಣಲಿಲ್ಲ.

"ನಾಕು ದಿನದಿಂದ ಇಂಗೇ ಕಣಣ್ಣ," ಎಂದಳು ಆಶಾರಾಣಿ. ದೋಣಿ ಅವಳದು. ಆಚೆ ದಡದವರನ್ನು ಸಂತೆಗೆ, ಆಸ್ಪತ್ರೆಗೆ ದಾಟಿಸುವವಳೂ ಅವಳೇ. "ನಾನೇನು ಕಮ್ಮಿ ಮಾಡಿಲ್ಲ. ಶುಕ್ರವಾರ ಶುಕ್ರವಾರ ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿ, ಹತ್ತು ಪಂಪು ಗ್ರೀಸ್ ಒಡೀತಿದ್ದೆ."

ದೋಣಿಯ ಹಿಂತುದಿಗೆ ಕೂರಿಸಿದ ಮೋಟಾರಿನ ಕುತ್ತಿಗೆಯಲ್ಲೊಂದು ಅಡ್ಡ ಕೊಳವೆ, ಅದರೊಳಗೊಂದು ಸರಳು. ಸ್ಟೀರಿಂಗ್ ತಿರುಗಿಸಿದರೆ ಕೇಬಲ್ಲು ಆ ಸರಳನ್ನು ದಬ್ಬುತ್ತದೆ, ಎಳೆಯುತ್ತದೆ. ಮೋಟಾರು ಅದರ ಜೊತೆ ಹೊರಳುತ್ತದೆ. ಮಕ್ಬೂಲ್ ಸರಳಿನ ತುದಿಗೆ ಮರದ ತುಂಡು ಕೊಟ್ಟು ಗಂಟೆಗಟ್ಟಲೆ ಬಡಿದ. ಕೊನೆಗೆ ಅದು ಹಳೇ ಬೆಲ್ಲದಂತೆ ಗಟ್ಟಿಯಾದ ಗ್ರೀಸನ್ನು ಹೊತ್ತುಕೊಂಡು ಹೊರಬಂತು.

"ಸರಳು ಆಚೆಗಿದ್ದಾಗ ಒಳಗೆ ಗ್ರೀಸ್ ತುಂಬಿದೀರಿ. ಸರಳು ವಾಪಸ್ ಬರೋಕೆ ಜಾಗ ಎಲ್ಲೈತೆ? ಅದನ್ನ ಒಳಗೆ ಎಳ್ಕೊಂಡು, ಬೆರಳಿಗೆ ಅಂಟೋವಷ್ಟು ಸವರಿದ್ರೆ ಸಾಕು. ದೇವ್ರಿಗೂ ಈ ಥರ ಉಣ್ಸಿದ್ರೆ ಅಜೀರ್ಣ ಆಗ್ತದಮ್ಮ."

"ನಾ ಏಳ್ದೆ," ಎಂದಳು ಅಲ್ಲೇ ಕಲ್ಲಿನ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ ಅತ್ತೆ ಪುಟ್ಟತಾಯಮ್ಮ. "ನಮ್ಮನೇಲಿ ಮನುಸ್ರಿಗೆ ತುಪ್ಪ ಬಡ್ಸುವಾಗ ಮಾತ್ರ ಇವಳ ಕೈ ಬಿಗಿ."

ಸೀಮೆಎಣ್ಣೆ ಬಟ್ಟೆಯಿಂದ ಕೊಳವೆ ತಿಕ್ಕಿ, ಸರಳಿಗೆ ಉಪ್ಪುಕಾಗದ ಹಾಕಿ, ಎಲ್ಲ ಮರಳಿ ಕಟ್ಟುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಈಗ ಸ್ಟೀರಿಂಗು ಎರಡು ಬೆರಳಿಗೆ ತಿರುಗಿತು.

ಅಸಲು ತೊಡಕು ಎದ್ದದ್ದು ಆಮೇಲೆ. ಬಿಚ್ಚಿದ ಕೈಯದೇ ಮೊದಲ ಸುತ್ತು. ಇದು ಮಕ್ಬೂಲನ ತಂದೆ ಹಾಕಿಕೊಟ್ಟ ಕಟ್ಟಳೆ. ತಾನು ಓಡಿಸಿ ನೋಡದ ಯಾವ ಗಾಡಿಯನ್ನೂ ಅವನು ಮಾಲೀಕರ ಕೈಗೆ ಕೊಟ್ಟವನಲ್ಲ. ಬೆಳಿಗ್ಗೆ ಟೀ ಕುಡಿಯುತ್ತ ಇದನ್ನೆಲ್ಲ ಇವರಿಬ್ಬರಿಗೂ ವಿಸ್ತಾರವಾಗಿ ಹೇಳಿಯೂ ಆಗಿತ್ತು. ಹೇಳದೆ ಉಳಿದದ್ದು ಒಂದೇ: ಅವನಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲಿಗಿಂತ ಮೇಲಿನ ನೀರನ್ನು ಅವನು ನಂಬಿದ್ದೂ ಇಲ್ಲ.

"ಆಳ ಎಷ್ಟಿರ್ತದೆ?" ಎಂದು ಕೇಳಿದ, ಪಾನಾ ಒರೆಸುತ್ತ.

"ಅಳೆಯಕ್ಕೆ ಓದೋರು ಯಾರೂ ವಾಪಸ್ ಬಂದು ಏಳಿಲ್ಲ ಕಣಪ್ಪ," ಎಂದಳು ಪುಟ್ಟತಾಯಮ್ಮ.

ಆಶಾರಾಣಿ ಅವನ ಮುಖ ನೋಡಿದಳು. "ನಾನೇ ಓಡ್ಸಿ ನೋಡ್ತೀನಿ, ಬುಡಣ್ಣ."

ಮಕ್ಬೂಲ್ ನೀರನ್ನು ನೋಡಿದ. ನಟ್ಟು ಬಿಗಿದದ್ದು ತಾನು. ಅದು ಸಡಿಲಾದರೆ ನಡುನೀರಿನಲ್ಲಿ ಸಿಕ್ಕಿಬೀಳುವುದು ಅವಳು. ಅವನು ಚಪ್ಪಲಿ ಬಿಟ್ಟು, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಎರಡೆರಡು ಸಲ ಬಿಗಿದು, ಬಿಸ್ಮಿಲ್ಲಾ ಅಂದುಕೊಂಡು ಹತ್ತಿದ. ಆಶಾರಾಣಿ ದೋಣಿಯನ್ನು ನೀರಿಗೆ ನೂಕಿ, ಹತ್ತಿ, ಮೋಟಾರು ಚಾಲೂ ಮಾಡಿ ಪಕ್ಕದಲ್ಲಿ ಕುಳಿತಳು.

ನಡುನೀರಿನಲ್ಲಿ ಬಲಕ್ಕೆ ತಿರುಗಿಸಿದ. ಏನೂ ಆಗಲಿಲ್ಲ. ಒಂದು ಉಸಿರಿನಷ್ಟು ಹೊತ್ತು ದೋಣಿ ನೇರವಾಗಿ ನೀರಲ್ಲಿ ನಿಂತ ಒಣಮರವೊಂದರ ಕಡೆಗೇ ನುಗ್ಗಿತು. ಆಮೇಲೆ ಹಿಂಭಾಗ ಮೆಲ್ಲಗೆ ಎಡಕ್ಕೆ ಜಾರಿ, ಮರ ಪಕ್ಕಕ್ಕೆ ಸರಿಯಿತು. ದೋಣಿ ತಿರುಗಿದಂತೆ ಅವನಿಗೆ ಅನಿಸಲೇ ಇಲ್ಲ. ಕಾಕನಕೋಟೆಯ ಕಾಡೇ ಬೇರುಸಮೇತ ಎದ್ದು, ಬೆಟ್ಟ, ಮೋಡ, ಬೆಳ್ಳಕ್ಕಿಗಳನ್ನೆಲ್ಲ ಕರೆದುಕೊಂಡು ಸುತ್ತಿ ಬಂದು ಅವನೆದುರು ನಿಂತಿತು. ಅವನು ಸ್ಟೀರಿಂಗ್ ಮೇಲಿದ್ದ ತನ್ನ ಬೆರಳುಗಳನ್ನು ನೋಡಿಕೊಂಡ.

"ಭತ್ತ ಕೊಯ್ಯೋ ಮಿಷನ್ನಂಗೆ. ಹಿಂದಿನಿಂದ ತಿರುಗ್ತದೆ," ಎಂದ.

"ಒಂದು ಸುತ್ತಾಯ್ತಲ್ಲಣ್ಣ. ದಡಕ್ಕೆ ಓಗಾನಾ?"

"ಎಡಕ್ಕೆ ಇನ್ನೂ ನೋಡಿಲ್ಲಮ್ಮ."

ಎಡಕ್ಕೂ ನೋಡಿದ. ಮತ್ತೆ ಬಲಕ್ಕೆ. ಮೂರನೆಯ ಸುತ್ತಿನ ಹೊತ್ತಿಗೆ ಅವನು ಸಲೀಸಾಗಿ ಉಸಿರಾಡುತ್ತಿದ್ದ. "ಸ್ವಲ್ಪ ಆಫ್ ಮಾಡಮ್ಮ," ಎಂದ. ಅವಳು ಮೋಟಾರು ಆರಿಸಿದಳು.

ದೋಣಿ ನಿಂತಿತು. ಅದು ಎಬ್ಬಿಸಿದ ಅಲೆ ಮಾತ್ರ ನಿಲ್ಲದೆ ಆಚೆ ದಡದತ್ತ ಹೋಯಿತು. ಅಲ್ಲಿ ಹೆಣ್ಣಾನೆಯೊಂದು ನೀರು ಕುಡಿಯುತ್ತಿತ್ತು. ಅಲೆ ಬರುವುದನ್ನು ಕಂಡು ಅದು ಸೊಂಡಿಲೆತ್ತಿ ಕಾಯಿತು. ಅಲೆ ಬಂದು ಅದರ ಕಾಲು ಮುಟ್ಟಿತು, ಹಿಂದೆ ಸರಿಯಿತು. ನೀರು ಸಮನಾದ ಮೇಲೆ ಆನೆ ಮತ್ತೆ ಸೊಂಡಿಲು ಇಳಿಸಿತು.