ಮೂರನೇ ಪಿರಿಯಡ್

ದೊಡ್ಡ ಸರಕಾರಿ ಹೈಸ್ಕೂಲು ನಡೆಸುವುದೆಂದರೆ ಹುಡುಗಾಟವಲ್ಲ ಮಾರಾಯರೇ. ಹೆಡ್‌ಮಾಸ್ತರರು ನಡೆಸುತ್ತಾರೆ ಎಂದು ಊರವರು ತಿಳಿದಿರುತ್ತಾರೆ, ತಿಳಿದುಕೊಳ್ಳಲಿ ಬಿಡಿ. ಸಿಂಧನೂರಿನ ಆ ಶಾಲೆಗೆ ಹೆಡ್‌ಮಾಸ್ತರರು ಬರುತ್ತಿದ್ದರು, ವರ್ಷ ಎರಡು ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಶಾಲೆಯನ್ನು ನಿಜವಾಗಿ ನಡೆಸುತ್ತಿದ್ದದ್ದು ಗೋಡೆಗೆ ಅಂಟಿಸಿದ ಟೈಂಟೇಬಲ್ಲು. ಅದನ್ನು ಬರೆಯುತ್ತಿದ್ದವನು ಗಣಿತದ ಮಾಸ್ತರ ಕರಿಬಸಯ್ಯ, ಎಲ್ಲರ ಬಾಯಲ್ಲಿ ಅಯ್ಯಾರು.

ಕಾಲುವೆ ನೀರು ಬಂದ ಮೇಲೆ ಊರು ಬೆಳೆದಿತ್ತು. ಪಕ್ಕದ ಸಾಲಗುಂದದಿಂದ, ಕಾಲುವೆ ಬದಿಗೆ ವಲಸೆ ಬಂದ ರೈತರ ಕ್ಯಾಂಪುಗಳಿಂದ ಮಕ್ಕಳು ಹಿಂಡು ಹಿಂಡಾಗಿ ಬಂದು ಸೇರಿದರು. ರೂಮುಗಳು ಸಾಲದೆ ಶಾಲೆ ಎರಡು ಪಾಳಿಯಾಯಿತು, ಮುಂಜಾನೆ ಒಂದು, ಮಧ್ಯಾಹ್ನ ಒಂದು. ಮುಂಜಾನೆಯವರಿಗೆ ಕಲ್ಲಿನ ಕಟ್ಟಡ. ಮಧ್ಯಾಹ್ನದವರ ಪಾಲಿಗೆ ಹಿಂದಿನ ತಗಡಿನ ರೂಮುಗಳೂ ಬರುತ್ತಿದ್ದವು. ಸಿಂಧನೂರಿನ ಬಿಸಿಲಿಗೆ ಆ ತಗಡಿನ ಕೆಳಗೆ ಪಾಠ ಮಾಡುವುದನ್ನು ಹಗೆಯವನಿಗೂ ಬಯಸಬಾರದು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕರಿಬಸಯ್ಯ ತನ್ನ ಬಾಡಿಗೆ ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಟೈಂಟೇಬಲ್ಲಿನ ಚೌಕಗಳನ್ನು ಗೀರುತ್ತಿದ್ದ, ಪಿರಿಯಡ್ಡಿಗೊಂದು ಸಾಲು. ಒಬ್ಬೊಬ್ಬ ಮಾಸ್ತರನಿಗೆ ಒಂದೊಂದು ಬಗೆಯ ಕಾಳು. ಡ್ರಿಲ್ ಮಾಸ್ತರ ವೆಂಕೋಬ ಕಡಲೆ, ತಾನು ಹುಣಸೆ ಬೀಜ, ಕನ್ನಡ ಪಾಠ ಹೇಳುವ ಹೊನ್ನೂರಪ್ಪ ಅಲಸಂದಿ. ಒಂದೇ ಸಾಲಿನಲ್ಲಿ ಒಂದೇ ಕಾಳು ಎರಡು ಕಡೆ ಬಿದ್ದರೆ ಒಬ್ಬ ಮಾಸ್ತರ ಒಂದೇ ಹೊತ್ತಿಗೆ ಎರಡು ಕ್ಲಾಸಿನಲ್ಲಿ ನಿಲ್ಲಬೇಕಾಗುತ್ತದೆ. ಹಾಗಾಗದಂತೆ ಕಾಳು ಸರಿಸುತ್ತ ಊಟ ಮರೆಯುತ್ತಿದ್ದ. ಊಟಕ್ಕೆ ಕರೆಯುವವರಾದರೂ ಯಾರಿದ್ದರು? ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ.

ಅವನ ದಿನದಲ್ಲಿ ಮಾತು ಎಂಬುದಿದ್ದರೆ ಮುಂಜಾನೆ ಪಾಳಿಯ ಮೂರನೇ ಪಿರಿಯಡ್ಡಿನಲ್ಲಿ. ಆ ಹೊತ್ತು ಅವನಿಗೂ ಹೊನ್ನೂರಪ್ಪನಿಗೂ ಕ್ಲಾಸಿಲ್ಲ. ಇಬ್ಬರೂ ಗೇಟು ದಾಟಿ ಪೀರ್‌ಬೀಯ ಚಹಾದಂಗಡಿಯಲ್ಲಿ ಕೂರುತ್ತಿದ್ದರು. ಮಂಡಾಳ ಒಗ್ಗರಣೆ, ಒಂದೊಂದು ಮಿರ್ಚಿ, ಚಹಾ. ಹೊನ್ನೂರಪ್ಪ ಬಾಯಿ ತೆಗೆದರೆ ಊರಿನ ಎಮ್ಮೆಯಿಂದ ಹಿಡಿದು ದಿಲ್ಲಿ ದರ್ಬಾರಿನ ತನಕ. ಕರಿಬಸಯ್ಯ ನಗುತ್ತ ಕೇಳುತ್ತಿದ್ದ. ಮನೆಗೆ ಹೋದ ಮೇಲೂ ನೆನೆಸಿಕೊಂಡು ಒಬ್ಬನೇ ನಗುತ್ತಿದ್ದ.

ಆ ವರ್ಷ ಲಿಂಗಸುಗೂರಿನಿಂದ ಹೊಸ ಹೆಡ್‌ಮಾಸ್ತರರು ಬಂದರು. ಮೊದಲ ಮೀಟಿಂಗಿನಲ್ಲೇ ಟೈಂಟೇಬಲ್ಲಿನ ಮಾತು ಬಂತು. ವೆಂಕೋಬ ಕಾಲು ಅಲ್ಲಾಡಿಸುತ್ತ ಅಂದ:

"ಅಯ್ಯಾರ ದೋಸ್ತಿ ಇದ್ದೋರಿಗೆ ಮೂರನೇ ಪಿರಿಯಡ್ ಚಹಾರಿ ಸರ್. ಇಲ್ಲದೋರಿಗೆ ಮಧ್ಯಾಹ್ನದ ತಗಡು."

ಎಲ್ಲರೂ ನಕ್ಕರು. ಹೊನ್ನೂರಪ್ಪನೂ ನಕ್ಕ. ಕರಿಬಸಯ್ಯನೊಬ್ಬ ನಗಲಿಲ್ಲ. ಸುಳ್ಳಾಗಿದ್ದರೆ ಅವನೂ ನಗುತ್ತಿದ್ದನೇನೋ. ತನ್ನ ಹುಣಸೆ ಬೀಜ, ಹೊನ್ನೂರಪ್ಪನ ಅಲಸಂದಿ ಎರಡನ್ನೂ ಎಲ್ಲಕ್ಕಿಂತ ಮೊದಲು ಇಟ್ಟು, ಆಮೇಲೆ ಉಳಿದ ಶಾಲೆಯನ್ನು ಹೊಂದಿಸುತ್ತಿದ್ದದ್ದು ನಿಜವೇ ಆಗಿತ್ತು.

ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾದೀತೆ? ಮುಚ್ಚಿಸುತ್ತೇನೆ ಎಂದು ಹೊರಟ ನಮ್ಮ ಅಯ್ಯ. ಸಿಟ್ಟಿನಲ್ಲೇ ಮನೆಗೆ ಹೋಗಿ ಅಲಸಂದಿಯನ್ನೆತ್ತಿ ಮಧ್ಯಾಹ್ನದ ಪಾಳಿಗೆ ಹಾಕಿದ, ಅದೂ ತಗಡಿನ ರೂಮುಗಳಿಗೇ. ನಮ್ಮವನು ಅರ್ಥ ಮಾಡಿಕೊಳ್ಳುತ್ತಾನೆ, ಅವನಿಗೇನು ಹೇಳುವುದು ಎಂದುಕೊಂಡ. ಕೇಳಲೂ ಇಲ್ಲ, ಹೇಳಲೂ ಇಲ್ಲ. ಹೊನ್ನೂರಪ್ಪ ತನ್ನ ಪಾಳಿ ಬದಲಾದದ್ದನ್ನು ಎಲ್ಲರ ಜೊತೆ ನಿಂತು ಗೋಡೆಯ ಮೇಲೆ ಓದಿದ. ಸೈಕಲ್ ಹತ್ತಿ ಸಾಲಗುಂದದ ತನ್ನ ಮನೆಗೆ ಹೋದ.

ಆ ವರ್ಷ ಇಬ್ಬರೂ ಕಾಣುತ್ತಿದ್ದದ್ದು ಪಾಳಿ ಬದಲಾಗುವಾಗ, ಗೇಟಿನಲ್ಲಿ. ಒಬ್ಬ ಹೊರಗೆ ಬರುವವನು, ಒಬ್ಬ ಒಳಗೆ ಹೋಗುವವನು.

"ಊಟ ಆತಾ?"

"ಆತು."

ಅಷ್ಟೇ. ನಡುವೆ ಮಕ್ಕಳ ಗದ್ದಲ. ಮೂರನೇ ಪಿರಿಯಡ್ಡಿನಲ್ಲಿ ಕರಿಬಸಯ್ಯ ಕೆಲದಿನ ಒಬ್ಬನೇ ಚಹಾಕ್ಕೆ ಹೋದ. "ನಿಮ್ಮ ಜೋಡಿ ಎಲ್ಲಿ ಹೋತ್ರಿ ಅಯ್ಯಾರ?" ಎಂದು ಪೀರ್‌ಬೀ ಕೇಳಿದ ಮೇಲೆ ಅದನ್ನೂ ಬಿಟ್ಟ. ಸ್ಟಾಫ್ ರೂಮಿನಲ್ಲಿ ಕೂತು ಕಿಟಕಿ ನೋಡುತ್ತಿದ್ದ. ಮನೆಗೆ ಹೋದರೆ ಅಲ್ಲೂ ಅದೇ ಮೌನ. ಕೆಲವು ದಿನ ಕ್ಲಾಸಿನಲ್ಲಿ ಲೆಕ್ಕ ಬಿಡಿಸಿದ್ದು ಬಿಟ್ಟರೆ ಅವನು ಬಾಯಿ ತೆಗೆದಿದ್ದೇ ಇಲ್ಲ. ಹೋಗಿ ಮಾತಾಡಿಸಬೇಕು ಅನ್ನಿಸುತ್ತಿತ್ತು. ಮುಂದಿನ ಜೂನ್‌ಗೆ ಸರಿ ಮಾಡುತ್ತೇನೆ, ಕೈಯಲ್ಲೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಜೂನ್ ಬಂತು. ಹುಣಸೆ ಬೀಜ, ಅಲಸಂದಿ ಎರಡನ್ನೂ ಮೊದಲು ಮುಂಜಾನೆ ಪಾಳಿಗಿಟ್ಟ. ಮೂರನೇ ಪಿರಿಯಡ್ ಇಬ್ಬರಿಗೂ ಖಾಲಿ. ಉಳಿದ ಕಾಳು ಕೂರಿಸುವುದಕ್ಕೆ ಮೊದಲೇ ಸಾಲಗುಂದದ ಬಸ್ಸು ಹತ್ತಿದ. ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ಬೇರೆ.

ಹೊನ್ನೂರಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿ ಗ್ಯಾನಮ್ಮ ನೀರು ಕೊಟ್ಟು, "ಭಾಳ ದಿನಕ್ಕ ಬಂದ್ರಿ ಅಯ್ಯಾರ" ಎಂದು ಚಹಾ ಮಾಡಲು ಒಳಗೆ ಹೋದಳು.

"ಈ ವರ್ಷ ನಿನ್ನ ಮುಂಜಾನೆಗೆ ತಂದೀನಿ," ಅಂದ ಕರಿಬಸಯ್ಯ. "ಮೂರನೇ ಪಿರಿಯಡ್ ಇಬ್ಬರಿಗೂ ಕ್ಲಾಸಿಲ್ಲ."

ಹೊನ್ನೂರಪ್ಪ ಕೇಳಿದ: "ಮತ್ತ ಯಾರರ ಏನರ ಅಂದ್ರ?"

ಅಂದರೆ ಅನ್ನಲಿ ಬಿಡು ಎಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕರಿಬಸಯ್ಯ. ಈಗ ಖಾಲಿಯಾದ ನೀರಿನ ಲೋಟವನ್ನೇ ಮತ್ತೆ ಬಾಯಿಗೆತ್ತಿದ.

"ವೆಂಕೋಬ ನಗಸಾಕ ಮಸ್ಕಿರಿಗೆ ಒಂದು ಮಾತು ಅಂದ. ನೀ ನನ್ನ ತಗಡಿಗೆ ಹಾಕಿದಿ," ಅಂದ ಹೊನ್ನೂರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಬಿಸಲಿಂದೇನೂ ಇಲ್ಲೋ ಅಯ್ಯಾ. ಹಾಕೋದಕ್ಕಿಂತ ಮೊದಲ ಒಂದು ಮಾತು ಕೇಳಿದ್ದರ, ಹಾಕು ಅಂತ ನಾನಽ ಅಂತಿದ್ದೆ. ನಾಳೆ ಮತ್ಯಾರರ ಅಂದ್ರ ಮತ್ತ ಹಾಕ್ತಿ. ಅದರಕಿಂತ ನಾ ಅಲ್ಲೇ ಇರ್ತೀನಿ ಬಿಡು. ರೂಢಿ ಆಗ್ಯಾದ."

"ಇನ್ನ ಹಂಗ ಮಾಡಂಗಿಲ್ಲ," ಅಂದ ಕರಿಬಸಯ್ಯ.

"ಚಹಾ ಕುಡಿ, ಆರತದ," ಅಂದ ಹೊನ್ನೂರಪ್ಪ, ಗ್ಯಾನಮ್ಮ ತಂದಿಟ್ಟ ಕಪ್ಪನ್ನು ಮುಂದೆ ಸರಿಸುತ್ತ.

ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನವಾದ ಮೇಲೆ ಬರುತ್ತದೆಯೇ? ಕರಿಬಸಯ್ಯ ಮನೆಗೆ ಬಂದು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಅಲಸಂದಿಯನ್ನು ತಗಡಿನ ರೂಮಿಗೆ ಸರಿಸಿದ. ತನ್ನ ಮೂರನೇ ಪಿರಿಯಡ್ ಖಾಲಿ ಉಳಿಯಿತು. ಆ ಮುಕ್ಕಾಲು ತಾಸನ್ನು ಇನ್ನೊಂದು ವರ್ಷ ಕಿಟಕಿ ನೋಡುತ್ತ ಕಳೆಯುವ ಧೈರ್ಯ ಅವನಿಗಿರಲಿಲ್ಲ. ಹತ್ತನೆಯವರಿಗೆ ಹೆಚ್ಚಿನ ಗಣಿತ ಎಂದು ಅಲ್ಲಿಗೂ ಹುಣಸೆ ಬೀಜವನ್ನೇ ಇಟ್ಟ. ಉಳಿದ ಬಿಡುವುಗಳನ್ನೂ ಹಾಗೆಯೇ ತುಂಬಿದ.

ಶಾಲೆ ತೆರೆದ ದಿನದ ಮೀಟಿಂಗಿನಲ್ಲಿ ಹೆಡ್‌ಮಾಸ್ತರರು ಟೈಂಟೇಬಲ್ಲನ್ನು ಎತ್ತಿ ಹಿಡಿದರು.

"ನೋಡ್ರಿ, ಯಾರದೂ ತಕರಾರಿಲ್ಲ. ಅಯ್ಯಾರು ತಮಗಂತ ಒಂದು ಪಿರಿಯಡ್ಡೂ ಖಾಲಿ ಇಟ್ಕೊಂಡಿಲ್ಲ. ಹಿಂಗಿರಬೇಕು."

ವೆಂಕೋಬನೇ ಮೊದಲು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಕರಿಬಸಯ್ಯ ಎದ್ದು ಕೈ ಮುಗಿಯುತ್ತ ಹಿಂದಿನ ಬೆಂಚಿನ ಕಡೆ ನೋಡಿದ. ಹೊನ್ನೂರಪ್ಪನೂ ತಟ್ಟುತ್ತಿದ್ದ, ಉಳಿದವರಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.