ದನಿ ಒಡೆದ ಜಾಗ

"ಇದು ನಾನಲ್ಲ."

ಟಿವಿಯಲ್ಲಿ ನಾಯಕಿ ಬಾಗಿಲಿಗೆ ಒರಗಿ ನಿಂತು ಅಳು ನುಂಗಿಕೊಳ್ಳುತ್ತಿದ್ದಳು. ಬಟ್ಟೆ ಮಡಚುತ್ತಿದ್ದ ಸೊಸೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಮಗ ಫೋನಿನಿಂದ ಕಣ್ಣು ಕೀಳದೆಯೇ ನಕ್ಕ.

"ಮುಖ ನಿಂದಲ್ಲ ಅಂತ ಎಲ್ಲರಿಗೂ ಗೊತ್ತಮ್ಮ. ನಿಂದು ಬರೀ ವಾಯ್ಸು."

"ಅದನ್ನೇ ಹೇಳ್ತಿರೋದು. ಆ ಧ್ವನಿ ನಂದಲ್ಲ. ಸ್ವಲ್ಪ ಹಿಂದಕ್ಕೆ ಹಾಕು."

ಮಗ ಹಿಂದಕ್ಕೆ ಹಾಕಿದ. ನಾಯಕಿ ಮತ್ತೆ ಬಾಗಿಲಿಗೆ ಒರಗಿದಳು. "ಹೋಗೋದಾದ್ರೆ ಹೋಗಿ. ದೀಪ ಮಾತ್ರ ಆರಿಸಬೇಡಿ" ಎಂದಳು. ಮಾತು ಗಾಜಿನ ಮೇಲೆ ನೀರು ಜಾರಿದ ಹಾಗೆ ಜಾರಿಹೋಯಿತು.

"ನಿಂದೇ. ನಿನ್ನ ದನಿ ನನಗೆ ಗೊತ್ತಾಗಲ್ವಾ?" ಎಂದ ಮಗ.

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದ ಆಕೆಗೆ ಈಗ ಎಪ್ಪತ್ತರ ಹತ್ತಿರ. ಭಾಷೆ ಬಾರದ ನಾಯಕಿಯರಿಗೆಲ್ಲ ಅರ್ಧ ಆಯುಷ್ಯ ಮಾತು ಕೊಟ್ಟವಳು. ಪರದೆಯ ಮೇಲೆ ಅವಳ ಹೆಸರು ಬಂದದ್ದೇ ಅಪರೂಪ, ಈ ಸಿನಿಮಾದಲ್ಲಂತೂ ಬರಲೇ ಇಲ್ಲ. ಆದರೆ ಆ ಒಂದು ಸಾಲು ಅವಳದು. ಅದನ್ನು ಹೇಳಿದ ದಿನ ಅವಳಿಗೆ ವಿಪರೀತ ನೆಗಡಿ. 'ಆರಿಸಬೇಡಿ' ಅನ್ನುವಾಗ ದನಿ ನಡುವೆಯೇ ಒಡೆದು, ಉಳಿದದ್ದು ಬರೀ ಉಸಿರಾಗಿ ಹೊರಬಂದಿತ್ತು. ಇನ್ನೊಂದು ಸಲ ಹೇಳುತ್ತೇನೆ ಎಂದರೆ ನಿರ್ದೇಶಕ ಬಿಡಲಿಲ್ಲ. ಇರಲಿ, ಇದೇ ಬೇಕಿತ್ತು ಎಂದಿದ್ದ. ಸಿನಿಮಾ ಓಡಿದ್ದೇ ಆ ಜಾಗದಿಂದ ಎಂದು ಹೇಳುವವರಿದ್ದರು.

ಈಗ ಅಲ್ಲಿ ಬಿರುಕೇ ಇಲ್ಲ.

"ಹೋದ ವರ್ಷ ಇದೇ ಟಿವಿಯಲ್ಲಿ ನೋಡಿದಾಗ ನಾನೇ ಇದ್ದೆ" ಎಂದಳು. "ಯಾರೋ ನನ್ನನ್ನ ತೆಗೆದು, ನನ್ನ ಹಾಗೇ ಮಾತಾಡೋರನ್ನ ಕೂರಿಸಿದ್ದಾರೆ."

ಮಗ ಹೆಂಡತಿಯ ಕಡೆ ನೋಡಿದ. ಹೆಂಡತಿ ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು.

ಆ ಸಿನಿಮಾದ ಹಳೆಯ ಡಿಸ್ಕ್ ಮನೆಯಲ್ಲಿ ಇದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಮನೆಗೆ ಬರುವಾಗ ಮಗ ಡಿಸ್ಕುಗಳ ಪೆಟ್ಟಿಗೆಯನ್ನೂ ಪ್ಲೇಯರನ್ನೂ ಗುಜರಿಯವನಿಗೆ ಎತ್ತಿ ಕೊಟ್ಟಿದ್ದ. ಎಲ್ಲಾ ಟಿವಿಯೊಳಗೇ ಬರುವಾಗ ಈ ಕಸ ಯಾಕೆ ಅಂದಿದ್ದ. ಅವಳೂ ಹೂಂ ಅಂದಿದ್ದಳು. ಕೋಣೆ ಚಿಕ್ಕದು, ಮಂಚ ಹಾಕಿದ ಮೇಲೆ ಕಾಲಿಡಲು ಜಾಗವಿರಲಿಲ್ಲ.

ಆಮೇಲೆ ಮನೆಯಲ್ಲಿ ಏನೋ ಬದಲಾಯಿತು. ಅವಳು ಅಡುಗೆಮನೆಯಿಂದ ಹೊರಬಂದ ಹಿಂದೆಯೇ ಸೊಸೆ ಒಳಹೋಗಿ ಗ್ಯಾಸ್ ಆಫ್ ಆಗಿದೆಯೇ ನೋಡುತ್ತಿದ್ದಳು. ಸ್ನಾನಕ್ಕೆ ಹೋದರೆ, "ಚಿಲಕ ಹಾಕ್ಕೋಬೇಡಿ ಅತ್ತೆ, ಸುಮ್ಮನೆ ಮುಂದಕ್ಕೆ ಎಳ್ಕೊಳಿ" ಎನ್ನುತ್ತಿದ್ದಳು. ಒಂದು ಸಂಜೆ ಬಾಲ್ಕನಿಯಲ್ಲಿ ಮಗ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಮರೆವು ಅಂತಲ್ಲ ಡಾಕ್ಟ್ರೇ. ಇಲ್ಲದ್ದನ್ನ ಇದೆ ಅಂತಾರೆ. ಯಾರೋ ತನ್ನ ಧ್ವನಿ ಕದ್ದಿದ್ದಾರಂತೆ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ಮಗನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ತನ್ನ ಮೇಲೇ ಅನುಮಾನ. ನಿಜಕ್ಕೂ ಆ ದಿನ ನೆಗಡಿ ಇತ್ತೇ? ಅದು ಬೇರೆ ಸಿನಿಮಾವೇ? ಕನ್ನಡಿಯ ಮುಂದೆ ನಿಂತು ಸಾಲನ್ನು ಮೆಲ್ಲಗೆ ಹೇಳಿ ನೋಡಿಕೊಂಡಳು. ವಯಸ್ಸಾದ ಗಂಟಲಿನಲ್ಲಿ ಎಲ್ಲ ಅಕ್ಷರವೂ ಒಡೆದೇ ಬಂತು. ಅದರಿಂದ ಏನೂ ತಿಳಿಯಲಿಲ್ಲ.

ಕೊನೆಗೆ ನೆನಪಾದವನು ಆ ಸಿನಿಮಾದ ಸೌಂಡ್ ರೆಕಾರ್ಡಿಸ್ಟ್. ಸ್ಟುಡಿಯೋದಲ್ಲಿ ಅವನ ಅಡ್ಡಹೆಸರು ಕಿವಿಯಣ್ಣ. ಒಂಟಿ ಮನುಷ್ಯ, ಮಹಾ ಜಿಪುಣ, ಯಾರನ್ನೂ ನಂಬದವನು. ಫೋನ್ ಮಾಡಿದರೆ, ವಿಷಯ ಪೂರ್ತಿ ಕೇಳುವ ಮೊದಲೇ ಹೇಳಿದ: "ಡಿಸ್ಕ್ ಇದೆ. ಮನೆಯಿಂದ ಆಚೆ ಕಳಿಸಲ್ಲ. ಬೇಕಾದ್ರೆ ಬಂದು ನೋಡು."

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಮಗನಿಗೆ ಹೇಳಿದಳು. "ಭಾನುವಾರ ನನ್ನ ಜೊತೆ ಕಿವಿಯಣ್ಣನ ಮನೆಗೆ ಬಾ. ಆಮೇಲೆ ನೀನು ಮಾತಾಡಿಟ್ಟಿರೋ ಡಾಕ್ಟರ ಹತ್ತಿರ ನಾನೇ ಬರ್ತೀನಿ."

ಮಗನ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ, ತಟ್ಟೆಯನ್ನೇ ನೋಡುತ್ತ, ತಲೆಯಾಡಿಸಿದ.

ಕಿವಿಯಣ್ಣನದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಬಾಗಿಲು ತೆರೆಯುವ ಮೊದಲು ಸರಪಳಿ ಹಾಕಿಕೊಂಡೇ ಸಂದಿಯಿಂದ ಮಗನನ್ನು ಅಳೆದ. ಒಳಗೆ ಗೋಡೆ ಕಾಣದಷ್ಟು ಡಿಸ್ಕುಗಳು, ಮೂಲೆಯಲ್ಲಿ ಸಣ್ಣ ದೀಪ ಮಿಣುಕಿಸುತ್ತ ಗುಂಯ್‌ಗುಡುವ ಎರಡು ಕಪ್ಪು ಪೆಟ್ಟಿಗೆಗಳು.

"ಅದೇನು?" ಎಂದ ಮಗ.

"ಡಿಸ್ಕುಗಳ ನಕಲು. ಅರ್ಧದಷ್ಟೇ ಆಗಿದೆ, ನಿಮ್ಮಮ್ಮನ ಸಿನಿಮಾ ಇನ್ನೂ ಬಾಕಿ. ಅದರಲ್ಲಿರೋದರ ಇನ್ನೊಂದು ನಕಲು ನನ್ನ ತಂಗಿ ಮನೇಲಿದೆ. ತಂಗಿ ಗಂಡನಿಗೆ ಗೊತ್ತಿಲ್ಲ."

"ಇಷ್ಟೊಂದು ಯಾಕೆ ಅಂಕಲ್? ಎಲ್ಲಾ ಆನ್‌ಲೈನ್ ಸಿಗುತ್ತಲ್ಲ."

"ಸಿಗುತ್ತೆ. ಏನು ಸಿಗುತ್ತೆ ಅಂತ ನೋಡೋಕೆ ತಾನೇ ನೀವು ಬಂದಿರೋದು?" ಕಿವಿಯಣ್ಣ ಒಂದು ಡಿಸ್ಕನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಎತ್ತಿದ. "ಹಾಗಂತ ಇದನ್ನೂ ನಂಬಬೇಡ. ಇದಕ್ಕೂ ಬೂಷ್ಟು ಹಿಡಿಯುತ್ತೆ."

ಅವನ ಮಾತು ನಿಜವಾಯಿತು. ನಾಯಕಿ ಬಾಗಿಲಿಗೆ ಬರುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತೇಬಿಟ್ಟಿತು. ಮಗ ಗಡಿಯಾರ ನೋಡಿಕೊಂಡ. ಇನ್ನು ಮುಂದೆ ತನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂದು ಗುಬ್ಬಿಗೆ ಆ ಕ್ಷಣ ಖಚಿತವಾಯಿತು. ತಾನೂ ಸೇರಿ. ಕಿವಿಯಣ್ಣ ಬೈದುಕೊಳ್ಳುತ್ತ ಡಿಸ್ಕ್ ತೆಗೆದು, ಕನ್ನಡಕ ಒರೆಸುವ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನಿಧಾನವಾಗಿ ಒರೆಸಿ, ಮತ್ತೆ ಹಾಕಿದ.

"ಹೋಗೋದಾದ್ರೆ ಹೋಗಿ. ದೀಪ ಮಾತ್ರ ಆರಿ..."

ದನಿ ಒಡೆಯಿತು. ಉಳಿದದ್ದು ಉಸಿರು.

ಮಗ ಮುಂದಕ್ಕೆ ಬಾಗಿ, "ಇನ್ನೊಂದ್ಸಲ" ಎಂದ. ಕೇಳಿದ. ಫೋನ್ ತೆಗೆದು ಅದರಲ್ಲಿ ಅದೇ ದೃಶ್ಯ ಹುಡುಕಿ ಕಿವಿಗೆ ಹಿಡಿದ. ಮತ್ತೆ ಡಿಸ್ಕಿನದು. ಅವನ ಕಿವಿಯ ತುದಿ ಕೆಂಪಾಯಿತು.

"ಯಾರು ಬದಲಾಯಿಸಿದ್ದು ಅಂಕಲ್? ಯಾಕೆ?"

"ಸೌಂಡ್ ಕ್ಲೀನ್ ಮಾಡ್ತೀವಿ ಅಂತ ಯಾರೋ ಮಾಡಿದ್ದಾರೆ. ಮನುಷ್ಯರ ಹತ್ತಿರ ಹೇಳಿಸಿದ್ರೋ, ಯಂತ್ರದಿಂದ ಹೇಳಿಸಿದ್ರೋ. ಕೇಳಿದ್ರೆ ಯಾವಾಗಲೂ ಹೀಗೇ ಇತ್ತು ಅಂತಾರೆ. ಇಲ್ಲ ಅನ್ನೋಕೆ ಯಾರ ಹತ್ತಿರ ಏನಿದೆ?" ಕಿವಿಯಣ್ಣ ಗುಬ್ಬಿಯ ಕಡೆ ತಿರುಗಿದ. "ನೀನು ಆವತ್ತು ಮೂಗು ಸೀಟಿ ಸೀಟಿ ನನ್ನ ಅರ್ಧ ದಿನ ಹಾಳು ಮಾಡಿದ್ದೆ. ಮರೆತಿಲ್ಲ."

ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಡಾಕ್ಟರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ತೀನಮ್ಮ" ಎಂದ ಮಗ, ಚಪ್ಪಲಿ ಹಾಕಿಕೊಳ್ಳುತ್ತ, ಅವಳ ಮುಖ ನೋಡದೆ.

"ಬೇಡ, ಹೋಗೋಣ. ಒಪ್ಪಿಕೊಂಡಿದ್ದೀನಲ್ಲ." ಅವಳು ಹೊಸ್ತಿಲು ದಾಟಿದಳು. "ಒಂದು ಮಾತು ಕೇಳ್ತೀನಿ. ಈ ಡಿಸ್ಕೂ ಕೆಟ್ಟು ಹೋಗಿದ್ದಿದ್ರೆ?"

ಅವರ ಹಿಂದೆ ಕಿವಿಯಣ್ಣ ಬಾಗಿಲು ಹಾಕಿ, ಸರಪಳಿ ಎಳೆದ ಸದ್ದಾಯಿತು.

ಮೆಟ್ಟಿಲ ಬಳಿ ಕತ್ತಲಿತ್ತು. ಮಗ ಎರಡು ಮೆಟ್ಟಿಲು ಇಳಿದು ತಿರುಗಿ, ಅವಳಿಗೆ ಕೈ ಚಾಚಿದ. ಅವಳು ಅದನ್ನು ಒಮ್ಮೆ ನೋಡಿ, ಗೋಡೆ ಬದಿಯ ಕಬ್ಬಿಣದ ಕಂಬಿಯನ್ನು ತಡವಿ ಹಿಡಿದುಕೊಂಡು ಇಳಿಯತೊಡಗಿದಳು. ಅವನು ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಹಿಮ್ಮುಖವಾಗಿ ಇಳಿಯುತ್ತ ಹೋದ.