ಇಬ್ಬರು ಬರೆದ ನಡಾವಳಿ

ಮೇಲೆ ಯಾರೋ ಕುರ್ಚಿ ಎಳೆದರು, ಎದ್ದರೋ ಕೂತರೋ ತಿಳಿಯಲಿಲ್ಲ, ಇಷ್ಟು ವರ್ಷ ಆ ಸಭಾಂಗಣದ ಮೂಲೆಮೇಜಿನಲ್ಲಿ ಕೂತು ನಡಾವಳಿ ಬರೆದವಳು ನಾನು, ಕುರ್ಚಿಯ ಸದ್ದಿನಲ್ಲೇ ಯಾರಿಗೆ ಸಿಟ್ಟು ಬಂದಿದೆ ಎಂದು ಹೇಳಬಲ್ಲೆ, ಇವತ್ತು ಕೆಳಗಿನ ಕೋಣೆಯಲ್ಲಿ ಕೂತು ಚಾವಣಿ ನೋಡುವ ಹಾಗಾಗಿದೆ — ಎದುರಿಗೆ ಕಿಟಕಿಯಕ್ಕ, ಮೇಜಿನ ಆ ಅರ್ಧದಲ್ಲಿ, ಅವಳ ದೇಶದ ಅರ್ಧದಲ್ಲಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದು ಮುರಿದು ಬೀಳುವ ಮೊದಲೇ ಬಾಯಿಗಿಡುತ್ತಿದ್ದಾಳೆ, ಇಂಥ ದಿನವೂ ಇವಳಿಗೆ ಹಸಿವಾಗುತ್ತದಲ್ಲ. ಮೇಲೆ ಮತ ಹಾಕುತ್ತಿದ್ದಾರೆ, ಅವಳ ದೇಶವೂ ನನ್ನ ದೇಶವೂ ಸೇರಿ ಮಾಡಿಕೊಂಡ ಒಕ್ಕೂಟ ಇರಬೇಕೋ ಬೇಡವೋ ಎಂದು, ಬೇಡ ಎಂದಾದರೆ ಸೈನ್ಯ ಸೇರಿರುವ ನನ್ನ ಮಗಳ ತುಕಡಿ ಇವತ್ತೇ ಗುಡ್ಡ ಹತ್ತುತ್ತದೆ, ಹೊಳೆಯಂಚಿನ ಗುಡ್ಡ, ಅಮ್ಮ ನೀನು ಸುಮ್ನೆ ಹೆದರ್ಕೋತೀಯ, ಬರೀ ಕಾವಲು ಅಷ್ಟೆ ಎಂದಳು ಬೆಳಿಗ್ಗೆ ಫೋನಿನಲ್ಲಿ, ಧ್ವನಿಯನ್ನು ಸ್ವಲ್ಪ ದಪ್ಪ ಮಾಡಿಕೊಂಡು, ಚಿಕ್ಕವಳಿದ್ದಾಗ ಸುಳ್ಳು ಹೇಳುವಾಗಲೂ ಹೀಗೇ ಮಾಡುತ್ತಿದ್ದಳು.

ನಮ್ಮನ್ನು ಮೇಲೆ ಕರೆಯಲಿಲ್ಲ, ಒಂದೊಂದು ದೇಶವೂ ತನ್ನದೇ ಬರಹಗಾರನನ್ನು ಕರೆತಂದಿದೆ, ಒಂದು ಸಭೆಗೆ ಎರಡು ನಡಾವಳಿ, ಹೀಗೆ ಎಂದೂ ಆಗಿರಲಿಲ್ಲ, ಒಕ್ಕೂಟದ ನಿಯಮವೇ ಬೇರೆ, ಬರೆಯುವವರು ಇಬ್ಬರು, ಆಚೆಯವಳೊಬ್ಬಳು ಈಚೆಯವಳೊಬ್ಬಳು, ಬರಹ ಮಾತ್ರ ಒಂದು, ಇಬ್ಬರೂ ಒಪ್ಪದ ಸಾಲು ಉಳಿಯುವ ಹಾಗಿಲ್ಲ. ಈ ಕೆಲಸಕ್ಕೆ ಸೇರಿದಾಗ ನನಗೆ ಕಾಲೇಜು ಮುಗಿದಿತ್ತಷ್ಟೆ, ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡು ಬಂದಿದ್ದೆ, ಇವಳು ತಲೆಯೆತ್ತಿಯೂ ನೋಡಲಿಲ್ಲ, ಇವಳ ಮನೆ ಗುಡ್ಡದ ಕೆಳಗೆ ಹೊಳೆಯ ಆಚೆ ದಡದಲ್ಲಿ, ಎರಡು ದೇಶಗಳ ಯುದ್ಧದಲ್ಲಿ ನನ್ನಪ್ಪ ಗುಡ್ಡದ ಮೇಲೆ ತೋಪು ಹಾರಿಸುವವನಾಗಿದ್ದ, ಇಬ್ಬರಿಗೂ ಗೊತ್ತಿತ್ತು, ಮಾತು ಎಲ್ಲಿಂದ ಹುಟ್ಟಬೇಕು. ಬರೀ ಕಿಟಕಿಯ ಜಗಳ, ಅವಳಿಗೆ ಗಾಳಿ ಬೇಕು ನನಗೆ ಶೀತ, ಅವಳು ತೆಗೆಯುತ್ತಾಳೆ ನಾನು ಮುಚ್ಚುತ್ತೇನೆ, ಕೊನೆಗೆ ದೂರು ಕೊಟ್ಟರೆ ಉಗ್ರಾಣದವನು, ಕಿಟಕಿ ಒಕ್ಕೂಟದ ಆಸ್ತಿ ಮೇಡಂ, ಇಬ್ಬರೂ ಸಹಿ ಹಾಕಿ ಕೊಡಿ, ತೆಗೆಯೋದೋ ಮುಚ್ಚೋದೋ ನಂಗೇನಂತೆ ಎಂದ, ಅಂದಿನಿಂದ ಅದು ಅರ್ಧ ತೆರೆದೇ ಇದೆ, ಇವಳಿಗೆ ಹೆಸರೂ ಅದೇ ನಿಂತಿತು.

ಆಮೇಲೆ ಆ ಮೀನಿನ ಸಭೆ — ಅಬ್ಬಾ, ಈಗಲೂ ನಗು ಬರುತ್ತದೆ — ನಮ್ಮ ಕಡೆಯ ಪ್ರತಿನಿಧಿ ಮೇಜು ಗುದ್ದಿ ಹೊಳೆ ಏನು ನಿಮ್ಮಪ್ಪಂದಾ ಎಂದ, ಅವರ ಕಡೆಯವನು ಮುಚ್ಚಯ್ಯ ಬಾಯಿ ಕತ್ತೆ ಎಂದ, ಕೆಳಗೆ ಬಂದು ಕೂತೆವು, ನದಿಯ ಒಡೆತನದ ಬಗ್ಗೆ ಪ್ರಶ್ನೆ ಎತ್ತಲಾಯಿತು ಎಂದು ಅವಳೇ ಬರೆದಳು, ಕತ್ತೆಯನ್ನು ಏನು ಮಾಡೋಣ ಎಂದೆ ನಾನು, ಕೆಲಸ ಬಿಟ್ಟು ಅವಳೊಂದಿಗೆ ಆಡಿದ ಮೊದಲ ಮಾತು, ಅವಳು ಪೆನ್ನು ಕಿವಿಗೆ ಸಿಕ್ಕಿಸಿ ಸ್ವಲ್ಪ ಯೋಚಿಸಿ, ಕಟ್ಟಿಹಾಕೋಣ ಎಂದಳು. ಎಷ್ಟು ಕತ್ತೆ ಕಟ್ಟಿದೆವೋ, ಕಳ್ಳ ಎಂಬ ಬೈಗುಳವನ್ನು ಎಷ್ಟು ಸಲ ಅಸಮಾಧಾನ ಎಂದು ಬರೆದೆವೋ, ಬರಬರುತ್ತಾ ಪ್ರತಿನಿಧಿಗಳೇ ನಮ್ಮ ಭಾಷೆ ಕಲಿತರು, ನಾನು ತೀವ್ರ ಅಸಮಾಧಾನ ವ್ಯಕ್ತಪಡಿಸ್ತಾ ಇದೀನಿ ಕಣಯ್ಯ ಎಂದು ಒಬ್ಬ ಕಿರುಚಿದರೆ ಇನ್ನೊಬ್ಬ ನಕ್ಕುಬಿಡುತ್ತಿದ್ದ, ಚಹಾ ಬರುತ್ತಿತ್ತು, ದೋಣಿಯ ವೇಳೆ, ಮರಳಿನ ಸುಂಕ, ಆಕಳಿಸಿ ಆಕಳಿಸಿ ಕಣ್ಣಲ್ಲಿ ನೀರು, ಎಂಥ ಒಳ್ಳೆಯ ಮಧ್ಯಾಹ್ನಗಳು, ಆಗ ಒಳ್ಳೆಯವೆನಿಸಲಿಲ್ಲ.

ನಮ್ಮೆಜಮಾನರು ಹೇಳುವುದೂ ಸುಳ್ಳಲ್ಲ, ಆಚೆಯಿಂದ ಅಗ್ಗದ ಚಪ್ಪಲಿ ಬಂದು ಇವರ ಅಂಗಡಿ ಮುಚ್ಚಿತು, ನಿಂಗೆ ಸಂಬಳ ಕೊಡುತ್ತೆ ಅಂತ ಒಕ್ಕೂಟ ದೇವರಾಗಿಬಿಡ್ತಾ ಎಂದರು, ಒಡೆಯಿರಿ ಎಂದು ಕೂಗುವ ಮೆರವಣಿಗೆಯಲ್ಲಿ ನಡೆದು ಗಂಟಲು ಕಟ್ಟಿಸಿಕೊಂಡು ಬಂದರು, ನಿನ್ನೆ ಮಗಳು ಗುಡ್ಡ ಎಂದಾಗ ಮಾತ್ರ ತಟ್ಟೆಯಲ್ಲಿ ಕೈ ನಿಂತಿತು. ಕಿಟಕಿಯಕ್ಕನೇ ಪೂರ್ತಿ ನಂಬುವುದಿಲ್ಲ, ಭಾಷಣದವರು ಬೇಕಾದ್ದು ಹೇಳ್ಕೊಳ್ಳಲಿ, ಯುದ್ಧ ನಿಲ್ಲಿಸಿದ್ದು ಒಕ್ಕೂಟ ಅಲ್ಲ ಕಣೇ, ಸುಸ್ತು, ನಿಮ್ಮಪ್ಪಂಗೂ ನಮ್ಮಪ್ಪಂಗೂ ಸಾಕಾಗಿಹೋಗಿತ್ತು ಎನ್ನುತ್ತಾಳೆ, ಇರಬಹುದಕ್ಕ, ಆದರೆ ಸುಸ್ತಾದವರೆಲ್ಲ ಸತ್ತರಲ್ಲ, ಮಗಳಿಗೆ ಏನು ಗೊತ್ತು ಆ ಸುಸ್ತು, ಅದನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಈ ಕೋಣೆ, ಈ ಆಕಳಿಕೆ — ಇವತ್ತು ಮೇಲೆ ಯಾರು ಯಾರನ್ನು ಏನೆಂದರೋ, ಎರಡು ನಡಾವಳಿಯಲ್ಲೂ ಕತ್ತೆ ಕತ್ತೆಯಾಗೇ ಉಳಿಯುತ್ತದೆ.

ಬಾಗಿಲು ತೆರೆದ ಸದ್ದು. ಮೆಟ್ಟಿಲ ಮೇಲೆ ತುಂಬ ಜನರ ಹೆಜ್ಜೆ. ಜವಾನ ಇಣುಕಿ, ಮುಗೀತು ಮೇಡಂ, ಒಕ್ಕೂಟ ಇನ್ನಿಲ್ಲ, ಆಚೆಯವರೆಲ್ಲ ಕತ್ತಲಾಗೋದ್ರೊಳಗೆ ಸೇತುವೆ ದಾಟಬೇಕಂತೆ ಎನ್ನುತ್ತಾನೆ, ಅವಳ ಮುಖ ನೋಡದೆ. ಅವಳು ಎದ್ದು ಲೋಟ ತೊಳೆಯುತ್ತಾಳೆ, ನನ್ನದನ್ನೂ ತೊಳೆಯುತ್ತಾಳೆ, ತನ್ನದನ್ನು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ, ನಾನು ಏನಾದರೂ ಹೇಳಬೇಕು, ಮಾತು ತೂಗಿ ತೂಗಿ ಹೊಟ್ಟೆ ಹೊರೆದವಳು, ಒಂದೂ ಸಿಗುತ್ತಿಲ್ಲ, ಬಾಗಿಲಲ್ಲಿ ನಿಂತು ಅವಳೇ ಹೇಳುತ್ತಾಳೆ, ಹೋಗ್ಲಿ ಬಿಡೇ, ನಾಳೆಯಿಂದ ರಜಾನೇ ಅಲ್ವಾ, ಮನೇಲಿ ಒಂದು ರಾಶಿ ಬಟ್ಟೆ ಒಗೆಯೋದಿದೆ — ಬಟ್ಟೆ, ಅಯ್ಯೋ, ಅಪ್ಪ ಕೊನೆಗಾಲದಲ್ಲಿ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಹೇಳಿದ್ದು, ಗುಡ್ಡದಿಂದ ದುರ್ಬೀನು ಹಾಕಿದ್ರೆ ಆಚೆ ಅಂಗಳ ಎಲ್ಲ ಕೈಗೆ ಸಿಗೋ ಹಾಗೆ ಕಾಣ್ತಿತ್ತು ಮಗಾ, ಒಬ್ಬಳು ಬಟ್ಟೆ ಹರವ್ತಿದ್ದಳು, ಬಾಯಲ್ಲಿ ಕ್ಲಿಪ್ಪು ಕಚ್ಕೊಂಡು, ಅದು ಕಾಣದೆ ಇದ್ದಿದ್ರೆ ಚೆನ್ನಾಗಿತ್ತು, ನಮ್ಮ ತೋಪು ಆ ಕಡೆಗೇ ತಿರುಗಿತ್ತು — ನಾಳೆ ಬಿಸಿಲಿರುತ್ತದೆ, ಮಗಳ ಕಣ್ಣು ಚುರುಕು, ಕನ್ನಡಕ ಬೇಡ ಎಂದಿದ್ದರು ಡಾಕ್ಟರು, ಅವಳಿಗೆ ಎಲ್ಲ ಕಾಣುತ್ತದೆ, ಹೊಳೆ, ದಡ, ಅಂಗಳ, ಒದ್ದೆ ಬೆಡ್‌ಶೀಟನ್ನು ಒದರಿ ಹಗ್ಗಕ್ಕೆ ಹಾಕುತ್ತಿರುವ ಹೆಂಗಸು, ಯಾರೋ ಒಬ್ಬ ಹೆಂಗಸು, ಬಾಯಲ್ಲಿ ಕ್ಲಿಪ್ಪು, ಎರಡೂ ಕೈ ಮೇಲೆ, ಬಾಯಲ್ಲಿ ಕ್ಲಿಪ್ಪು